ಯಮುನೆಯ ದಡದಲ್ಲಿ ಸೊಕ್ಕೆಯ ಹನುಮಕ್ಕ

ಕೃಷಿ ಇಲಾಖೆಗೆ ಹೊಸದಾಗಿ ಸೇರಿದ ಮೂವರು ಹೋದ ತಿಂಗಳು ಹೊನ್ನಾಳಿಯ ನಮ್ಮ ಮನೆಗೆ ಬಂದಿದ್ದರು. ರೈತರನ್ನು ದೆಹಲಿಗೆ ಅಧ್ಯಯನ ಪ್ರವಾಸ ಕರೆದುಕೊಂಡು ಹೋಗುವ ಕೆಲಸ ಅವರ ಪಾಲಿಗೆ ಬಂದಿತ್ತು. "ನೀವು ಹೋಗಿಬಂದೋರು ಸಾರ್, ಏನೇನು ನೋಡ್ಕಬೇಕು ಹೇಳಿ" ಅಂದರು. ಮಾತ್ರೆ ಡಬ್ಬಿ ಇಟ್ಟುಕೊಳ್ಳಿ, ಎಲ್ಲರ ಗುರುತಿನ ಚೀಟಿಯ ಜೆರಾಕ್ಸ್ ಎರಡೆರಡು ಇರಲಿ, ರೈಲು ಹತ್ತುವಾಗಲೂ ಇಳಿಯುವಾಗಲೂ ತಲೆ ಎಣಿಸಿ ಎಂದೆಲ್ಲ ಹೇಳಿ ಕಳಿಸಿದೆ. ಅವರು ಗೇಟು ದಾಟಿದ ಮೇಲೆ ನನ್ನ ಹೆಂಡತಿ, "ಅಷ್ಟೇ ಹೇಳಿ ಕಳಿಸಿದ್ರಲ್ಲ, ಹನುಮಕ್ಕನ ವಿಷಯ ಎತ್ತಲೇ ಇಲ್ಲ" ಎಂದಳು. ಅವಳು ಹೇಳಿದ್ದು ಸರಿ ಅನ್ನಿಸಿ ಬರೆಯಲು ಕೂತಿದ್ದೇನೆ.

ಅದೇ ಇಲಾಖೆಯಲ್ಲಿ ನನ್ನ ಹುದ್ದೆಯ ಹೆಸರು ಕಾಗದದಲ್ಲಿ ಎರಡು ಸಲ ಬದಲಾಯಿತು. ಹಳ್ಳಿಯವರ ಬಾಯಲ್ಲಿ ಮಾತ್ರ ನಾನು ಕೊನೆಯತನಕ ಗ್ರಾಮಸೇವಕನೇ. ಮೊದಲು ಚನ್ನಗಿರಿ ತಾಲ್ಲೂಕಿನ ಕತ್ತಲಗೆರೆ ಕಡೆ, ಆಮೇಲೆ ಬಹಳ ವರ್ಷ ಜಗಳೂರು, ಅಲ್ಲಿಂದ ಹೊನ್ನಾಳಿ, ನಿವೃತ್ತಿಯಾದದ್ದು ನ್ಯಾಮತಿಯಲ್ಲಿ. ಬಡ್ತಿಯ ಆದೇಶಗಳು ಯಾವ ಟ್ರಂಕಿನಲ್ಲಿವೆಯೋ ತಿಳಿಯದು. ಮಾಡಿದ ತಪ್ಪುಗಳು ಮಾತ್ರ ಒಂದೂ ಮರೆತಿಲ್ಲ.

ಮೊದಲನೆಯದನ್ನು ಹೇಳಿಬಿಡುತ್ತೇನೆ. ಕೆಲಸಕ್ಕೆ ಸೇರಿದ ವರ್ಷವೇ ನಲ್ಲೂರಿನಲ್ಲಿ ಮಣ್ಣು ಪರೀಕ್ಷೆಗೆಂದು ಹೊಲಹೊಲದಿಂದ ಮಣ್ಣು ತಂದು ಬಟ್ಟೆಚೀಲಗಳಲ್ಲಿ ತುಂಬಿದೆ. ಯಾರ ಹೊಲ ಎಂದು ಇಂಕಿನ ಪೆನ್ನಿನಲ್ಲಿ ಚೀಟಿ ಬರೆದು ಕಟ್ಟಿ, ಸೈಕಲ್ಲಿನ ಹಿಂದೆ ಹೇರಿಕೊಂಡು ಹೊರಟೆ. ದಾರಿಯಲ್ಲಿ ಮಳೆ ಹೊಡೆಯಿತು. ಚೀಟಿಗಳೆಲ್ಲ ನೀಲಿ ನೀರಾದವು. ವಾಪಸ್ ಹೋಗಿ ಮತ್ತೆ ಮಣ್ಣು ಕೇಳಲು ನಾಚಿಕೆ. ಅಂದಾಜಿನ ಮೇಲೆ ಹೊಸ ಚೀಟಿ ಬರೆದು ಕಳಿಸಿಬಿಟ್ಟೆ. ವರದಿ ಬಂದಾಗ ರೈತರೊಬ್ಬರು ಅದನ್ನು ಯಾರಿಂದಲೋ ಓದಿಸಿ, ಸಂತೆಯ ನಡುವೆ ನನ್ನನ್ನು ನಿಲ್ಲಿಸಿದರು.

"ಏನ್ರೀ ಸೇವಕ್ರೆ, ನಂದು ಕೆಮ್ಮಣ್ಣು. ಇದರಾಗೆ ಎರೆಮಣ್ಣು ಅಂತ ಬರೆದೈತೆ. ನಾ ಮಲಗಿದ್ದಾಗ ಹೊಲ ಕಪ್ಪಗಾತೇನು?"

ಸುತ್ತ ನಿಂತವರೆಲ್ಲ ನಕ್ಕರು. ಮಾರನೆಯ ದಿನ ಮನೆಮನೆಗೆ ಹೋಗಿ ತಪ್ಪು ಒಪ್ಪಿಕೊಂಡು ಮತ್ತೆ ಮಣ್ಣು ತಂದೆ. ಯಾರೂ ಬೈಯಲಿಲ್ಲ. ಒಬ್ಬ ಅಜ್ಜಿಯಂತೂ ಮಜ್ಜಿಗೆ ಕೊಟ್ಟಳು. ಅಂದಿನಿಂದ ಚೀಟಿಯನ್ನು ಪೆನ್ಸಿಲ್ಲಿನಲ್ಲೇ ಬರೆದೆ, ಅದು ನೀರಿಗೆ ಅಳಿಸುವುದಿಲ್ಲ. ಈಗ ನಿಮಗೆ ಮೊಬೈಲಿನಲ್ಲಿ ಹೊಲದ ಗುರುತು ತಾನಾಗಿ ಬೀಳುತ್ತದೆ. ಒಳ್ಳೆಯದೇ. ಆದರೆ ತಪ್ಪಾದಾಗ ಮನೆಬಾಗಿಲಿಗೆ ಹೋಗಿ ಹೇಳುವ ಕೆಲಸವನ್ನು ಯಾವ ಮೊಬೈಲೂ ಮಾಡಿಕೊಡುವುದಿಲ್ಲ.

ಎರಡನೆಯ ತಪ್ಪು ಇದಕ್ಕಿಂತ ದೊಡ್ಡದು. ಅದು ದೆಹಲಿಯ ರೈಲಿನಲ್ಲಾಯಿತು. ಅದಕ್ಕೆ ಮುಂಚೆ ಇಬ್ಬರು ಹೆಣ್ಣುಮಕ್ಕಳ ಪರಿಚಯ ಮಾಡಿಕೊಡಬೇಕು.

ನಾನು ಜಗಳೂರಿನಲ್ಲಿದ್ದಾಗ ನಮ್ಮ ತಾಲ್ಲೂಕಿಗೆ ಮೇಲಧಿಕಾರಿಯಾಗಿ ಪ್ರಭಾವತಿ ಮೇಡಂ ಬಂದರು. ಮಾತು ಕಡಿಮೆ. ಹೊಲಕ್ಕೆ ಬಂದರೆ ಚಪ್ಪಲಿ ಬದುವಿನ ಮೇಲೆ ಬಿಟ್ಟು ಇಳಿಯುತ್ತಿದ್ದರು. ನಾವು ಬರೆದ ವರದಿಯಲ್ಲಿ "ರೈತರು ಹರ್ಷ ವ್ಯಕ್ತಪಡಿಸಿದರು" ಎಂಬ ಸಾಲು ಕಂಡರೆ, "ಯಾವ ರೈತರು? ಹೆಸರು ಬರೀರಿ" ಎಂದು ಅಂಚಿನಲ್ಲಿ ಕೆಂಪು ಶಾಯಿಯಲ್ಲಿ ಬರೆದು ವಾಪಸ್ ಕಳಿಸುತ್ತಿದ್ದರು. ನಮಗೆಲ್ಲ ಅವರೆಂದರೆ ಹೆದರಿಕೆ.

ಇನ್ನೊಬ್ಬರು ಸೊಕ್ಕೆಯ ಹನುಮಕ್ಕ. ಆಗಲೇ ಅರವತ್ತು ದಾಟಿದ ವಯಸ್ಸು, ಕಡ್ಡಿಯಂಥ ದೇಹ. ತನ್ನ ತುಂಡು ಹೊಲದಲ್ಲಿ ನವಣೆ, ಸಜ್ಜೆ, ಶೇಂಗಾ ಬೆಳೆಯುತ್ತಿದ್ದಳು. ಬೀಜವನ್ನು ಬೂದಿ ಕಲಸಿ ಮಡಕೆಯಲ್ಲಿಟ್ಟು, ಊರಿನ ಅರ್ಧ ಜನ ಬಿತ್ತನೆಗೆ ಮುಂಚೆ ಅವಳ ಬಾಗಿಲಿಗೆ ಬರುವಂತೆ ಮಾಡಿದ್ದಳು. ಒಂದು ವರ್ಷ ನಮ್ಮ ಇಲಾಖೆಯ ಹೊಸ ನವಣೆ ತಳಿಯನ್ನು ಅವಳ ಹೊಲದಲ್ಲೇ ಹಾಕಿಸಿದೆ. ಬೆಳೆ ಚೆನ್ನಾಗಿ ಬಂತು. ಶಾಮಿಯಾನ ಹಾಕಿ, ಮೈಕು ತರಿಸಿ, ಮೇಡಂ ಅವರನ್ನೂ ಕರೆಸಿ, "ಹನುಮಕ್ಕ, ನಾಕು ಒಳ್ಳೆ ಮಾತಾಡವ್ವ" ಎಂದು ಮೈಕು ಕೊಟ್ಟೆ.

"ಇಲಾಖೆ ಬೀಜ ಚಲೋ ಐತೆ. ತೆನೆ ದಪ್ಪ ಬಂದೈತೆ" ಎಂದಳು. ನನಗೆ ಉಸಿರು ಬಂತು. "ಆದ್ರೆ ನನಗಿಂತ ಹಕ್ಕಿಗೆ ಬಾಳ ಇಷ್ಟ. ನನ್ನ ಹಳೇ ನವಣೆ ತೆನೆ ಮೇಲೆ ಮುಳ್ಳೈತೆ, ಹಕ್ಕಿ ಕೂರಾಕೆ ಬಿಡಲ್ಲ. ಎರಡೂ ಸೇರಿಸಿ ಒಂದು ಮಾಡಾಕೆ ಬರ್ತೈತಾ ನಿಮಗೆ?"

ಮೇಡಂ ಕೈಚೀಲದಿಂದ ಪುಸ್ತಕ ತೆಗೆದು ಅಷ್ಟನ್ನೂ ಬರೆದುಕೊಂಡರು. ಕಾರ್ಯಕ್ರಮ ಮುಗಿದ ಮೇಲೆ ಅವಳ ಮನೆಗೇ ಹೋಗಿ, ಮಡಕೆ ಮುಚ್ಚಳ ತೆಗೆಸಿ ಮೂರು ಬಗೆಯ ನವಣೆ ನೋಡಿ, ಮರಳುವಾಗ ಜೀಪಿನಲ್ಲಿ ನನಗೆ ಹೇಳಿದರು: "ಇವತ್ತು ಪಾಠ ಮಾಡಿದ್ದು ಯಾರು, ಗೊತ್ತಾಯ್ತಾ?"

ಆಮೇಲೆ ಒಂದೆರಡು ವರ್ಷಕ್ಕೆ ದೆಹಲಿ ಪ್ರವಾಸದ ಸುತ್ತೋಲೆ ಬಂತು. ಚನ್ನಗಿರಿ, ಹೊನ್ನಾಳಿ, ಜಗಳೂರಿನಿಂದ ಆಯ್ದ ಇಪ್ಪತ್ತು ರೈತರು. ನ್ಯಾಮತಿ ಆಗ ಇನ್ನೂ ಹೊನ್ನಾಳಿ ತಾಲ್ಲೂಕಿನೊಳಗೇ ಇತ್ತು. ಕರೆದೊಯ್ಯುವ ಜವಾಬ್ದಾರಿ ನನ್ನದು. ಮೇಡಂ ಪಟ್ಟಿಯ ತಲೆಗೆ ಹನುಮಕ್ಕನ ಹೆಸರು ಬರೆದರು. ನಾನು ಹೋಗಿ ಕೇಳಿದೆ. ಅವಳು ಶೇಂಗಾ ಸುಲಿಯುತ್ತಿದ್ದವಳು ಕೈ ನಿಲ್ಲಿಸಿದಳು.

"ದಿಲ್ಲಿಯಾಗೆ ಆ ಮುದುಕಪ್ಪನ ಸಮಾಧಿ ಐತಂತಲ್ಲ, ಹೊಳೆ ದಂಡೇಲಿ? ಬಾಪೂದು?"

"ರಾಜಘಾಟ್ ಅಂತಾರೆ. ಐತೆ."

"ಅಲ್ಲಿಗೆ ಕರ್ಕೊಂಡು ಹೋಗ್ತೀನಿ ಅಂದ್ರೆ ಬರ್ತೀನಿ. ಇಲ್ಲಾಂದ್ರೆ ನನಗೇನು ಕೆಲಸ ದಿಲ್ಲಿಯಾಗೆ?"

ಮಾತು ಕೊಟ್ಟೆ. ಕೃಷಿ ಮೇಳ ಎರಡು ದಿನ, ಕೊನೆಯ ದಿನ ಬೆಳಗ್ಗೆ ರಾಜಘಾಟ್, ಮಧ್ಯಾಹ್ನ ಮೂರೂವರೆಗೆ ವಾಪಸ್ ರೈಲು ಎಂದು ಕಾರ್ಯಕ್ರಮ ಬರೆದು ಒಪ್ಪಿಗೆ ಪಡೆದೆ.

ರೈಲಿನಲ್ಲಿ ನಡೆದದ್ದನ್ನು ಮುಚ್ಚಿಡದೆ ಬರೆಯುತ್ತೇನೆ. ನಮ್ಮ ಗುಂಪಿನಲ್ಲಿ ಎಲ್ಲರಿಗಿಂತ ಹಿರಿಯರು ನಲ್ಲೂರಿನ ಚನ್ನಬಸಪ್ಪನವರು. ಎಪ್ಪತ್ತರ ಆಸುಪಾಸು, ಅಡಿಕೆ ಬೆಳೆಗಾರರು, ವ್ಯಾಪಾರವೂ ಇತ್ತು. ಬೆಳ್ಳಗಿನ ಪಂಚೆ, ಹಣೆ ತುಂಬ ವಿಭೂತಿ. ಗುಟ್ಕಾ ಕಂಪನಿಗಳಿಗೆ ಅಡಿಕೆ ಕೊಳ್ಳಲು ಬರುವ ಉತ್ತರದ ವ್ಯಾಪಾರಿಗಳ ಜೊತೆ ಮಾತಾಡಿ ಮಾತಾಡಿ ಹಿಂದಿ ಚೆನ್ನಾಗಿ ಕಲಿತಿದ್ದರು. ಒಳ್ಳೆಯ ಮನುಷ್ಯರು. ಯಾರಿಗೆ ತಲೆನೋವು ಬಂದರೂ ಅವರ ಚೀಲದಿಂದ ಅಮೃತಾಂಜನ ಬರುತ್ತಿತ್ತು. ಆದರೆ ಮೊದಲನೆಯ ದಿನ ಊಟದ ಹೊತ್ತಿಗೆ, ಹನುಮಕ್ಕ ಬುತ್ತಿ ಬಿಚ್ಚಿ ಸಜ್ಜೆರೊಟ್ಟಿ, ಶೇಂಗಾ ಚಟ್ನಿ ಎಲ್ಲರ ಮುಂದೆ ಹಿಡಿದಾಗ, ಚನ್ನಬಸಪ್ಪನವರು "ನಂದು ಬ್ಯಾರೆ ಐತೆ" ಎಂದು ಎದ್ದು ಆಚೆಯ ಸೀಟಿಗೆ ಹೋದರು. ಅವರ ಹಿಂದೆ ಇನ್ನೂ ಐದಾರು ಮಂದಿ ಎದ್ದರು. ಹನುಮಕ್ಕ ಏನೂ ಆಗಿಲ್ಲವೆಂಬಂತೆ ರೊಟ್ಟಿ ಮುರಿದುಕೊಂಡಳು.

ನಾನು ನೋಡಿದೆ. ಅದು ಏಕೆಂದು ನನಗೂ ಗೊತ್ತಿತ್ತು. ಪ್ರವಾಸದ ಮುಖಂಡ ನಾನು, ಒಂದು ಮಾತು ಆಡಬಹುದಿತ್ತು. ಹಿರಿಯರು, ಸುಮ್ಮನೆ ಜಗಳ ಯಾಕೆ ಎಂದುಕೊಂಡು ಕಿಟಕಿಯ ಆಚೆ ನೋಡುತ್ತ ಕೂತೆ. ಅವಳ ರೊಟ್ಟಿ ನಾನು ತಿಂದೆ, ನಿಜ. ಆದರೆ ತಿಂದಷ್ಟಕ್ಕೇ ನನ್ನ ಕರ್ತವ್ಯ ಮುಗಿಯಿತು ಎಂದು ಭಾವಿಸಿದ್ದೇ ನನ್ನ ಎರಡನೆಯ ತಪ್ಪು.

ಮೇಳ ಚೆನ್ನಾಗಿ ಆಯಿತು. ಮೂರನೆಯ ದಿನ ಬೆಳಗ್ಗೆ ಹತ್ತಕ್ಕೆ ಬಾಡಿಗೆ ಬಸ್ಸು ರಾಜಘಾಟ್ ಮುಂದೆ ನಿಂತಿತು. ಗೇಟಿಗೆ ಅಡ್ಡ ಕಬ್ಬಿಣದ ತಡೆಗಳು. ಎಲ್ಲಿ ನೋಡಿದರೂ ಪೊಲೀಸರು. ಯಾವುದೋ ದೇಶದ ದೊಡ್ಡವರು ಹೂಗುಚ್ಛ ಇಡಲು ಬರುತ್ತಾರಂತೆ, ಎರಡು ಗಂಟೆಯ ಮುಂಚೆ ಯಾರಿಗೂ ಪ್ರವೇಶವಿಲ್ಲವಂತೆ. ಊರಲ್ಲಿ ಕೂತು ಕಾರ್ಯಕ್ರಮ ಬರೆದ ನಾನು, ಅಂದು ಬಾಗಿಲು ತೆರೆದಿರುತ್ತದಾ ಎಂದು ಯಾರನ್ನೂ ಕೇಳಿರಲಿಲ್ಲ. ಹೊಸಬರೇ, ಇದನ್ನು ಗುರುತು ಹಾಕಿಕೊಳ್ಳಿ.

"ಎರಡಕ್ಕೆ ಬಿಟ್ರೆ ರೈಲಿಗೆ ಹೋಗೋದು ಹೆಂಗೆ? ಹೊರಗಿಂದನೇ ಕೈಮುಗಿದು ಹೋಗಾಣ" ಎಂದೆ. ಹಲವರು ತಲೆಯಾಡಿಸಿದರು. ಹನುಮಕ್ಕ ಮಾತ್ರ ಅಲ್ಲಾಡಲಿಲ್ಲ. ಸೆರಗಿನ ಒಳಗಿಂದ ಒಂದು ಬಾಟಲಿ ತೆಗೆದಳು. ಸಣ್ಣ ಪ್ಲಾಸ್ಟಿಕ್ ಬಾಟಲಿ, ಬಾಯಿಗೆ ಬಟ್ಟೆ ಸುತ್ತಿ ದಾರ ಕಟ್ಟಿತ್ತು.

"ಇದನ್ನ ಆ ಮುದುಕಪ್ಪನಿಗೆ ಕೊಡದೆ ನಾ ಬರಲ್ಲ ಸೇವಕ್ರೆ. ನೀವು ಹೋಗ್ರಿ. ನಾ ಹೆಂಗಾರ ಬರ್ತೀನಿ."

ಏನದು ಎಂದು ಕೇಳಿದೆ. ಆಗ, ಆ ರಸ್ತೆ ಬದಿಯಲ್ಲಿ ನಿಂತು ಅವಳು ಹೇಳಿದ್ದು ಇದು. ಅವಳ ತವರಿನಲ್ಲಿ ಅವಳ ಕೇರಿಯವರು ಊರ ಬಾವಿಯ ಹತ್ತಿರ ಸುಳಿಯುವಂತಿರಲಿಲ್ಲ. ಹಳ್ಳದಲ್ಲಿ ಗುಂಡಿ ತೋಡಿ, ಒಸರಿದ ನೀರು ಬಸಿದು ಕುಡಿಯಬೇಕು. ಅವಳ ಅಪ್ಪ ಎಂಟು ಹತ್ತು ವರ್ಷದವನಿದ್ದಾಗ ಊರಿಗೆ ಖಾದಿ ತೊಟ್ಟ ಮೇಷ್ಟ್ರೊಬ್ಬರು ಬಂದರು. ಅವರು ಒಂದು ಬೆಳಗ್ಗೆ ಕೇರಿಗೆ ಬಂದು, ಅಪ್ಪನ ಕೈ ಹಿಡಿದು ನಡೆಸಿಕೊಂಡು ಹೋಗಿ, ಎಲ್ಲರ ಎದುರಿಗೇ ಬಾವಿಯಿಂದ ನೀರು ಸೇದಿಸಿ, ಮೊದಲು ತಾವು ಕುಡಿದು ಆಮೇಲೆ ಅವನಿಗೆ ಕುಡಿಸಿದರು. "ಇದು ನಾ ಹೇಳಿದ್ದಲ್ಲಪ್ಪ, ಬಾಪೂ ಹೇಳಿದ್ದು" ಅಂದರಂತೆ.

"ನಮ್ಮಪ್ಪ ಸಾಯೋತನಕ ಒಂದೇ ಮಾತು ಅಂತಿದ್ದ. ಆ ಮುದುಕಪ್ಪ ನನಗೆ ನೀರು ಕೊಡಿಸ್ದ, ನಾ ಆತನಿಗೆ ಒಂದು ಬೊಗಸೆ ನೀರು ಕೊಡಲಿಲ್ಲ ಅಂತ. ಹೊರಡೋ ಮುಂಚೆ ತವರಿಗೆ ಹೋಗಿ ಆ ಬಾವೀದೇ ತಂದೀನಿ."

ನನ್ನ ಹಿಂದಿಯೋ, ಹೋಟೆಲಿನಲ್ಲಿ ಚಹಾ ಕೇಳುವಷ್ಟು. ಗೇಟಿನ ಬಳಿ ಇದ್ದ ವಯಸ್ಸಾದ ಹವಾಲ್ದಾರರಿಗೆ ಇದನ್ನು ಹೇಳಬಲ್ಲವರು ಗುಂಪಿನಲ್ಲಿ ಒಬ್ಬರೇ. ನಾನು ಅವರ ಮುಖ ನೋಡಿದೆ. ಚನ್ನಬಸಪ್ಪನವರು ಪಂಚೆಯ ಅಂಚು ಎತ್ತಿ ಹಿಡಿದು, "ಬರ್ರಿ" ಎಂದು ಮುಂದೆ ನಡೆದರು. ಹನುಮಕ್ಕ ಬಾಟಲಿ ಹಿಡಿದು ಹಿಂದೆ, ನಾನು ಅವಳ ಪಕ್ಕ.

ಅಡಿಕೆ ರೇಟು ಮಾತಾಡುವಾಗ ಪಟಪಟ ಹಿಂದಿ ಆಡುತ್ತಿದ್ದ ಮನುಷ್ಯ ಅಲ್ಲಿ ತಡವರಿಸಿದರು. ಕರ್ನಾಟಕದಿಂದ ಬಂದೀವಿ, ರೈತರು, ಎಂದರು. ಈ ತಾಯಿ ಒಂದು ಬಾವಿಯ ನೀರು ತಂದಿದ್ದಾಳೆ, ಎಂದರು. ಹವಾಲ್ದಾರರು, ಯಾವ ಬಾವಿ, ಏನು ವಿಶೇಷ, ಎಂದು ಕೇಳಿದರು. ಚನ್ನಬಸಪ್ಪನವರು ಹನುಮಕ್ಕನ ಕಡೆ ತಿರುಗಿದರು, ಬಾಟಲಿ ನೋಡಿದರು. ಮೆಲ್ಲಗೆ ಹೇಳಿದರು:

"ಹಮ್ ಲೋಗ್ ಇನ್‌ಕೋ ಪಾನೀ ನಹೀ ದೇತೇ ಥೇ."

ನಾವು ಇವರಿಗೆ ನೀರು ಕೊಡುತ್ತಿರಲಿಲ್ಲ. ಊರವರು ಎನ್ನಬಹುದಿತ್ತು, ಆ ಕಾಲದ ಜನ ಎನ್ನಬಹುದಿತ್ತು. ಅವಳ ತವರು ಅವರ ಊರೂ ಅಲ್ಲ. ಆದರೂ ಅವರು "ನಾವು" ಎಂದರು. ನನಗೆ ಅಷ್ಟು ಹಿಂದಿ ಅರ್ಥವಾಯಿತು. ಹವಾಲ್ದಾರರಿಗೆ ಬೇರೇನೂ ವಿವರಿಸಬೇಕಾಗಲಿಲ್ಲ. ಅವರು ಟೋಪಿ ತೆಗೆದು ಬೆವರು ಒರೆಸಿಕೊಂಡು, "ಈಗ ಬಿಡಲು ನನ್ನ ಕೈಲಿಲ್ಲ. ಅತಿಥಿಗಳು ಹೋದ ತಕ್ಷಣ ಮೊದಲು ಒಳಗೆ ಹೋಗೋದು ಈಕೆ. ನಾನೇ ಕರೀತೀನಿ" ಎಂದರು.

ರಸ್ತೆಯಾಚೆ ಮರದ ನೆರಳಿಗೆ ಬಂದೆವು. ನಾನು ಲೆಕ್ಕ ಹಾಕಿ, "ಹನುಮಕ್ಕನ ಜೊತೆ ನಾ ಇರ್ತೀನಿ. ಉಳಿದೋರು ಬಸ್ಸಿನಾಗೆ ಸ್ಟೇಷನ್ನಿಗೆ ಹೋಗ್ರಿ, ಟಿಕೆಟ್ ಎಲ್ಲ ಕೊಡ್ತೀನಿ" ಎಂದೆ.

ಚನ್ನಬಸಪ್ಪನವರು ಬೇರಿನ ಮೇಲೆ ಟವೆಲ್ ಹಾಸಿ ಕೂತರು. "ರೈಲು ನಾಳೇನೂ ಬರ್ತೈತೆ ಸಾಹೇಬ್ರೆ" ಎಂದರು. ಅವರು ಕೂತ ಮೇಲೆ ಉಳಿದವರೂ ಕೂತರು. ಒಬ್ಬರೂ ಬಸ್ಸು ಹತ್ತಲಿಲ್ಲ.

ಎರಡೂವರೆಗೆ ಹವಾಲ್ದಾರರು ನಿಜಕ್ಕೂ ಕೈಬೀಸಿ ಕರೆದರು. ಚಪ್ಪಲಿ ಬಿಟ್ಟು ಒಳಗೆ ಹೋದೆವು. ಅಷ್ಟು ದೊಡ್ಡವರ ಸಮಾಧಿ ಎಂದರೆ ಗೋಪುರ, ಗುಮ್ಮಟ ಇರಬಹುದು ಎಂದು ನಾನು ಎಣಿಸಿದ್ದೆ. ಏನೂ ಇಲ್ಲ. ಸುತ್ತ ಹುಲ್ಲು, ನಡುವೆ ಆಕಾಶದ ಕೆಳಗೆ ಒಂದು ಕಪ್ಪು ಕಲ್ಲಿನ ಕಟ್ಟೆ, ಮೇಲೆ ಹೂವು, ತಲೆಯ ಕಡೆ ಒಂದು ದೀಪ. ನಮ್ಮ ಊರುಗಳ ಅರಳಿಕಟ್ಟೆಗಿಂತ ತಗ್ಗು. ಇಷ್ಟು ಕಡಿಮೆ ಇಟ್ಟು ಇಷ್ಟೊಂದು ಹೇಳಿದ ಜಾಗವನ್ನು ನಾನು ಬೇರೆಲ್ಲೂ ಕಂಡಿಲ್ಲ. ನಾನು ಹೊನ್ನಾಳಿಯವನು, ತುಂಗಭದ್ರೆಯನ್ನು ನೋಡುತ್ತ ಬೆಳೆದವನು. ಕಣ್ಣು ತಾನಾಗಿ ನದಿ ಹುಡುಕಿತು. ಹನುಮಕ್ಕನೂ ಅದನ್ನೇ ಕೇಳಿದಳು.

"ಹೊಳೆ ಎಲ್ಲೈತ್ರಿ?"

ಯಮುನೆ ದೂರ ಸರಿದಿದೆಯಂತೆ, ಇಲ್ಲಿಂದ ಕಾಣುವುದಿಲ್ಲವಂತೆ, ಎಂದು ಚನ್ನಬಸಪ್ಪನವರು ಕೇಳಿ ತಿಳಿದು ಹೇಳಿದರು. "ಹಂಗಾದ್ರೆ ನೀರು ತಂದಿದ್ದು ಒಳ್ಳೇದೇ ಆತು" ಎಂದಳು ಹನುಮಕ್ಕ.

ಆದರೆ ಕಟ್ಟೆಯ ಹತ್ತಿರ ಇದ್ದ ಸಿಬ್ಬಂದಿ ಕೈ ಅಡ್ಡ ಹಿಡಿದರು. ಹೂವು ಇಡಬಹುದು, ನೀರು ಹಾಕುವಂತಿಲ್ಲ. ಅವರು ಒರಟಾಗಿ ಹೇಳಲಿಲ್ಲ, ನಿಯಮ ಹೇಳಿದರು ಅಷ್ಟೇ. ಚನ್ನಬಸಪ್ಪನವರು ವಾದಕ್ಕೆ ಇಳಿದರು. ಹನುಮಕ್ಕ ಅವರನ್ನು ತಡೆದಳು.

"ಬ್ಯಾಡ ಬಿಡ್ರಿ ಯಜಮಾನ್ರೆ. ಅವರ ಕೆಲಸ ಅವರು ಮಾಡ್ತಾರೆ."

ಬಾಟಲಿಯ ಬಟ್ಟೆ ಬಿಚ್ಚಿದಳು. ಕಟ್ಟೆಯ ಕಡೆ ಮುಖ ಮಾಡಿ ಎರಡೂ ಕೈಯಲ್ಲಿ ಬಾಟಲಿ ಎತ್ತಿ ಹಿಡಿದು ಸ್ವಲ್ಪ ಹೊತ್ತು ನಿಂತಳು. ತುಟಿ ಅಲ್ಲಾಡುತ್ತಿತ್ತು, ಏನು ಹೇಳಿದಳೋ ಕೇಳಿಸಲಿಲ್ಲ. ಆಮೇಲೆ ನಮ್ಮ ಕಡೆ ತಿರುಗಿದಳು.

"ಆತ ಇದನ್ನ ಕುಡೀರಿ ಅಂತ ಹೇಳಿದ್ದು, ಕಲ್ಲಿನ ಮೇಲೆ ಚೆಲ್ಲ್ರಿ ಅಂತ ಹೇಳಲಿಲ್ಲ. ನಾನೇ ತಪ್ಪು ತಿಳ್ಕೊಂಡಿದ್ದೆ. ಯಾರಿಗೆ ಬೇಕು?"

ನನ್ನ ಸಣ್ಣತನವನ್ನೂ ಬರೆಯಬೇಕು. ಆ ಗಳಿಗೆಯಲ್ಲಿ ನನಗೆ ಹೊಳೆದದ್ದು, ಎಷ್ಟೋ ದಿನದ ನೀರು, ಯಾರಿಗಾದರೂ ಹೊಟ್ಟೆ ಕೆಟ್ಟರೆ ಹೊಣೆ ಯಾರು ಎಂಬುದು. ನಾನು ಹಾಗೆ ಯೋಚಿಸುತ್ತಿರುವಾಗಲೇ ಚನ್ನಬಸಪ್ಪನವರು ಮುಂದೆ ಬಂದು, ಬಗ್ಗಿ, ಎರಡೂ ಕೈ ಜೋಡಿಸಿ ಬೊಗಸೆ ಹಿಡಿದರು.

"ಹಾಕು ತಾಯಿ."

ಅವಳು ಹಾಕಿದಳು. ಅವರು ಕುಡಿದು, ಒದ್ದೆ ಕೈಯನ್ನು ಕಣ್ಣಿಗೆ ಒತ್ತಿಕೊಂಡರು. ಆಮೇಲೆ ಎಲ್ಲರೂ ಸಾಲು ನಿಂತರು. ಒಬ್ಬೊಬ್ಬರಿಗೆ ನಾಲಿಗೆ ಒದ್ದೆಯಾಗುವಷ್ಟು. ನಾನು ಕೊನೆಯವನು. ಕಲ್ಲುಬಾವಿಯ ನೀರಿಗೆ ಇರುವ ಆ ಉಪ್ಪುಪ್ಪು ರುಚಿ. ನಿಯಮ ಹೇಳಿದ್ದ ಸಿಬ್ಬಂದಿ ಅಲ್ಲೇ ನಿಂತು ನೋಡುತ್ತಿದ್ದರು. ಏನು ಅರ್ಥವಾಯಿತೋ, ಕಟ್ಟೆಯ ಮೇಲಿನ ಹೂವಿನಿಂದ ಒಂದು ಸೇವಂತಿಗೆ ತೆಗೆದು ಹನುಮಕ್ಕನ ಕೈಗೆ ಕೊಟ್ಟರು. ಅವಳು ಅದನ್ನು ಮುಡಿಯಲಿಲ್ಲ, ಬಾಟಲಿಗೆ ಸುತ್ತಿದ್ದ ಬಟ್ಟೆಯಲ್ಲಿ ಕಟ್ಟಿಕೊಂಡಳು.

ರೈಲು ತಪ್ಪಿತು. ಮಾರನೆಯ ದಿನ ಕಾದಿರಿಸದ ಬೋಗಿಯಲ್ಲಿ ಒಬ್ಬರ ಮೇಲೊಬ್ಬರು ಕೂತು ಬಂದೆವು. ಚನ್ನಬಸಪ್ಪನವರೂ ಹನುಮಕ್ಕನೂ ಒಂದೇ ಸೀಟಿನಲ್ಲಿ, ನಡುವೆ ಅವರ ಅಮೃತಾಂಜನದ ಚೀಲ. ದಾರಿಯುದ್ದಕ್ಕೂ ಅವಳ ಮುಳ್ಳುನವಣೆಯ ಮಾತು. ಚನ್ನಬಸಪ್ಪನವರು ಮನೆಗೆ ಹೋದ ಮೇಲೆ ಹೇಗಿದ್ದರು, ಬದಲಾದರೋ ಇಲ್ಲವೋ, ನಾನು ವಿಚಾರಿಸಲು ಹೋಗಲಿಲ್ಲ. ನಾನು ಬಾಯಿ ಮುಚ್ಚಿಕೊಂಡಿದ್ದ ಕಡೆ ಆ ಮನುಷ್ಯ ಬಾಯಿ ತೆರೆದರು. ಅಷ್ಟು ನನಗೆ ಗೊತ್ತು. ಅದಕ್ಕಾಗಿ ಅವರನ್ನು ಇಂದಿಗೂ ನೆನೆಯುತ್ತೇನೆ.

ಊರಿಗೆ ಬಂದ ವಾರಕ್ಕೆ ಮೇಲಿನಿಂದ ನೋಟಿಸು ಬಂತು. ಮಂಜೂರಾದ ಕಾರ್ಯಕ್ರಮ ಉಲ್ಲಂಘಿಸಿ, ಇಪ್ಪತ್ತು ರೈತರನ್ನು ಒಂದು ದಿನ ತಡವಾಗಿ ಕರೆತಂದಿದ್ದೀರಿ, ಶಿಸ್ತುಕ್ರಮ ಏಕೆ ಜರುಗಿಸಬಾರದು, ಎಂದು. ಉತ್ತರ ಪ್ರಭಾವತಿ ಮೇಡಂ ಮೂಲಕವೇ ಹೋಗಬೇಕು. ಸಹೋದ್ಯೋಗಿಗಳು ಬುದ್ಧಿ ಹೇಳಿದರು: ಸಂಚಾರ ದಟ್ಟಣೆ ಅಂತ ಬರೀರಿ, ಯಾರಿಗೋ ಹುಷಾರಿರಲಿಲ್ಲ ಅಂತ ಬರೀರಿ. ಒಂದು ಸಂಜೆ ಹಾಗೇ ಬರೆದೆ. ಬೆಳಗ್ಗೆ ಎದ್ದು ಹರಿದು ಹಾಕಿದೆ. ಬಾಗಿಲು ಮುಚ್ಚಿರುವುದನ್ನು ಮುಂಚೆ ವಿಚಾರಿಸದ್ದು ನನ್ನ ತಪ್ಪು ಎಂದು ಮೊದಲ ಸಾಲಿನಲ್ಲೇ ಒಪ್ಪಿಕೊಂಡು, ಆ ದಿನ ನಡೆದದ್ದನ್ನು ನಡೆದಂತೆ ಬರೆದು, ಒಯ್ದು ಮೇಡಂ ಮೇಜಿನ ಮೇಲಿಟ್ಟೆ. ಯಾವ ರೈತರು ಎಂಬ ಕಡೆ ಹೆಸರುಗಳನ್ನೂ ಬರೆದಿದ್ದೆ.

ಅವರು ಓದಿದರು. ಒಂದು ಹಾಳೆ ತಿರುಗಿಸಿ ಮತ್ತೆ ಹಿಂದಿನದಕ್ಕೆ ಬಂದರು. ಕನ್ನಡಕ ತೆಗೆದು ಕಿಟಕಿಯ ಕಡೆ ನೋಡಿದರು. ಆಮೇಲೆ ಅದೇ ಕೆಂಪು ಪೆನ್ನು ತೆಗೆದು ಕೆಳಗೆ ಒಂದು ಸಾಲು ಬರೆದು, ಸಹಿ ಹಾಕಿ, ಕಡತವನ್ನು ನನ್ನ ಕಡೆ ತಿರುಗಿಸಿದರು. "ಅಧ್ಯಯನ ಪ್ರವಾಸದ ಉದ್ದೇಶ ಈಡೇರಿದೆ. ನೌಕರರ ವಿವರಣೆಯನ್ನು ಒಪ್ಪಿ ಕಡತ ಮುಕ್ತಾಯಗೊಳಿಸಲು ಶಿಫಾರಸು ಮಾಡಿದೆ."

"ಮೇಲೆ ಒಪ್ಪದಿದ್ರೆ ಮೇಡಂ?" ಎಂದೆ.

"ನನ್ನನ್ನ ಕೇಳ್ತಾರೆ. ನಾನು ಹೇಳ್ತೀನಿ. ನೀವು ಹೋಗಿ, ಸೊಕ್ಕೇಲಿ ಬಿತ್ತನೆ ಶುರುವಾಗಿದೆ."

ಮೇಲಿನವರು ಅವರನ್ನು ಕೇಳಿದರೋ, ಅವರು ಏನು ಹೇಳಿದರೋ, ನನಗೆ ತಿಳಿಯಲಿಲ್ಲ. ನೋಟಿಸು ಮಾತ್ರ ಮತ್ತೆ ಬರಲಿಲ್ಲ. ನನ್ನ ಇಡೀ ನೌಕರಿಯಲ್ಲಿ ಅಂಥ ಅಧಿಕಾರಿಯ ಕೈಕೆಳಗೆ ಕೆಲಸ ಮಾಡಿದ ವರ್ಷಗಳೇ ನನ್ನ ನಿಜವಾದ ಗಳಿಕೆ.

ಅಂದೇ ಸೊಕ್ಕೆಗೆ ಹೋದೆ. ಹನುಮಕ್ಕ ಹೊಲದ ಬದುವಿನಲ್ಲಿ ನಿಂತು ಕೂರಿಗೆ ಹೊಡೆಯುವವರಿಗೆ ಬೀಜ ಅಳೆದು ಕೊಡುತ್ತಿದ್ದಳು. ನೋಟಿಸಿನ ಕತೆ ಎಲ್ಲ ಹೇಳಿ, ಮೇಡಂ ಬರೆದ ಸಾಲನ್ನು ಬಾಯಿಪಾಠ ಒಪ್ಪಿಸಿದೆ.

"ಹಂಗಂದ್ರೆ ಏನ್ರಿ?"

"ಹೋದ ಕೆಲಸ ಆತು ಅಂತ."

"ಅದು ನಮಗೆಲ್ಲಾ ಅವತ್ತೇ ಗೊತ್ತಿತ್ತಲ್ಲ" ಎಂದು ನಕ್ಕಳು. "ಅಷ್ಟು ಹೇಳಾಕೆ ಪಾಪ ಆಯಮ್ಮಂಗೆ ಎಷ್ಟು ಕಾಗದ ಓದಿಸಿದ್ರಿ! ಬರ್ರಿ, ಬಿಸ್ಲಾಗೆ ನಿಲ್ಲಬ್ಯಾಡ್ರಿ. ಈ ಸಾಲು ಮುಗೀಲಿ, ಊಟ ಮಾಡಾಣ."